ಗಾಳಿಯ ಭಾರ ಅಳೆದ ಪಾಸ್ಕಲ್



ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಮನೆಮನೆಯಲ್ಲೂ ಕೇಳುವ ಮಾತು ಬಿ.ಪಿ.ಯದು. ಪ್ರಾರ್ಥನೆ ಮುಗಿದು ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡ ಕೂಡಲೇ ಅಜ್ಜಿ ದಿಂಬಿನ ಅಡಿಯಿಂದ ಚೀಟಿ ತೆಗೆದು ಕೈಗೆ ಕೊಡುತ್ತಾರೆ. 150, 90 ಎಂದು ಬರೆದಿರುತ್ತದೆ. ಜಾಸ್ತಿಯಾಗಿದೆ ಎಂದು ಅವರಿಗೆ ಗೊತ್ತು, ಉಪ್ಪು ಕಡಿಮೆ ಮಾಡಬೇಕೆಂದೂ ಗೊತ್ತು. ಆದರೆ ಆ 150 ಎಂದರೆ ಏನು? ಗ್ರಾಮೇ, ಲೀಟರೇ, ಡಿಗ್ರಿಯೇ? ಕೇಳಿದರೆ ಮನೆಯವರೆಲ್ಲ ಮುಖಮುಖ ನೋಡಿಕೊಳ್ಳುತ್ತಾರೆ. ಅದೇ ಮನೆಯ ಮಗ ಬೈಕಿನ ಚಕ್ರಕ್ಕೆ ಗಾಳಿ ಹೊಡೆಸುವಾಗ 30 ಹಾಕಿ ಎನ್ನುತ್ತಾನೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಅದರ ನಡುವಿನ ಒತ್ತಡ 980ಕ್ಕೆ ಇಳಿಯಿತೆಂದು ಸುದ್ದಿ ಬರುತ್ತದೆ. ರಕ್ತದ್ದೂ ಒತ್ತಡವೇ, ಚಕ್ರದ್ದೂ ಒತ್ತಡವೇ, ಆಕಾಶದ್ದೂ ಒತ್ತಡವೇ. ಅಳೆಯುವ ಕೋಲು ಮಾತ್ರ ಬೇರೆ ಬೇರೆ.

ಅಜ್ಜಿಯ ಚೀಟಿಯಲ್ಲಿರುವುದು ಪಾದರಸದ ಮಿಲಿಮೀಟರು. ಚಕ್ರದ್ದು ಒಂದು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಇಂಗ್ಲಿಷರ ಲೆಕ್ಕ. ಚಂಡಮಾರುತದ್ದು ಮಿಲಿಬಾರ್, ಅದನ್ನೇ ಈಗ ಹೆಕ್ಟೋಪಾಸ್ಕಲ್ ಎನ್ನುತ್ತಾರೆ. ಈ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ತರುವ ಮಾನವೊಂದಿದೆ. 1971ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು ಆ ಮಾನಕ್ಕೆ ಪಾಸ್ಕಲ್ ಎಂಬ ಹೆಸರನ್ನು ಒಪ್ಪಿಕೊಂಡಿತು. ಒಬ್ಬ ಮನುಷ್ಯನ ಹೆಸರು ಅದು. ಮೂವತ್ತೊಂಬತ್ತೇ ವರ್ಷ ಬದುಕಿದ, ಅದರಲ್ಲೂ ಹೆಚ್ಚಿನ ದಿನಗಳನ್ನು ನೋವಿನಲ್ಲೇ ಕಳೆದ ಒಬ್ಬ ಫ್ರೆಂಚ್ ಕಥೋಲಿಕನ ಹೆಸರು.

ಒಂದು ಮಾತು ಒಪ್ಪಿಕೊಳ್ಳಬೇಕು. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಕೇಳಿದ ಪಾಸ್ಕಲರೇ ಬೇರೆ, ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಬಂದ ಪಾಸ್ಕಲರೇ ಬೇರೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಒಬ್ಬರು ನೀರಿನ ಒತ್ತಡದ ನಿಯಮ ಹೇಳಿದವರು. ಇನ್ನೊಬ್ಬರು ದೇವರಿದ್ದಾನೆ ಎಂಬುದರ ಮೇಲೆ ಪಣ ಕಟ್ಟುವುದೇ ಬುದ್ಧಿವಂತಿಕೆ ಎಂದು ವಾದಿಸಿದವರು. ಇಬ್ಬರೂ ಒಬ್ಬರೇ ಎಂದು ತಿಳಿದ ದಿನ ಆಶ್ಚರ್ಯವಾಯಿತು. ಅವರ ಬಾಳಿನ ಕಥೆ ಓದಿದ ಮೇಲೆ ಆ ಆಶ್ಚರ್ಯ ಇನ್ನೂ ಹೆಚ್ಚಾಯಿತು.

ಸಿಂಬಿಯ ಪಾಠ

ಕಥೆಗೆ ಹೋಗುವ ಮೊದಲು ಒತ್ತಡವೆಂದರೆ ಏನೆಂದು ತಿಳಿದುಕೊಳ್ಳೋಣ. ತಲೆಯ ಮೇಲೆ ಕೊಡ ಹೊರುವ ಹೆಂಗಸು ಮೊದಲು ಬಟ್ಟೆ ಸುತ್ತಿ ಸಿಂಬಿ ಮಾಡಿಕೊಳ್ಳುತ್ತಾಳೆ. ಸಿಂಬಿ ಇಟ್ಟರೆ ಕೊಡದ ಭಾರ ಕಡಿಮೆಯಾಗುತ್ತದೆಯೇ? ಇಲ್ಲ. ಭಾರ ಅಷ್ಟೇ ಇರುತ್ತದೆ, ಆದರೆ ಅಗಲವಾದ ಜಾಗಕ್ಕೆ ಹಂಚಿಹೋಗುತ್ತದೆ. ಇದಕ್ಕೆ ತದ್ವಿರುದ್ಧ ಚೂರಿಯ ಅಲಗು. ಕೈಯ ಬಲ ಸ್ವಲ್ಪವೇ. ಆದರೆ ಅದೆಲ್ಲ ಕೂದಲೆಳೆಯಷ್ಟು ಜಾಗದಲ್ಲಿ ಬೀಳುವುದರಿಂದ ತರಕಾರಿ ಕತ್ತರಿಸಿಹೋಗುತ್ತದೆ. ಬಲವನ್ನು ಅದು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಒತ್ತಡ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಅದು ಒಂದು ಪಾಸ್ಕಲ್. ಒಂದು ನ್ಯೂಟನ್ ಎಂದರೆ ನೂರು ಗ್ರಾಮಿಗಿಂತ ತುಸು ಹೆಚ್ಚಿನ ವಸ್ತುವಿನ ಭಾರ. ಅದನ್ನು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲಕ್ಕೆ ಹರಡಿದರೆ ಏನು ಉಳಿದೀತು? ಮೇಜಿನ ಮೇಲೆ ಮಲಗಿರುವ ಒಂದು ಹಾಳೆ ಸಾಧಾರಣ ಕಾಗದ ಮೇಜನ್ನು ಒತ್ತುವುದು ಒಂದು ಪಾಸ್ಕಲಿಗೂ ಕಡಿಮೆ. ಅಷ್ಟು ಸಣ್ಣ ಮಾನ ಇದು. ಆದ್ದರಿಂದಲೇ ಅಂಕಿಗಳು ದೊಡ್ಡದಾಗುತ್ತವೆ. ಪಾದರಸದ 120 ಮಿಲಿಮೀಟರ್ ಎಂಬ ರಕ್ತದೊತ್ತಡ ಹತ್ತಿರ ಹತ್ತಿರ 16,000 ಪಾಸ್ಕಲ್. ಚಕ್ರದ 30 ಎಂಬುದು 2 ಲಕ್ಷ ಪಾಸ್ಕಲಿಗೂ ಹೆಚ್ಚು. ಸಮುದ್ರ ಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕೆ ಒಪ್ಪಿಕೊಂಡ ಮಾನಕ 1,01,325 ಪಾಸ್ಕಲ್. ಒಂದು ಚದರ ಮೀಟರಿನ ಮೇಲೆ ಹತ್ತು ಟನ್ನಿಗೂ ಮಿಗಿಲಾದ ಹೊರೆ! ನಿಮ್ಮ ಅಂಗೈಯ ಮೇಲೆ ಈ ಕ್ಷಣವೂ ಸುಮಾರು ನೂರು ಕಿಲೋ ಭಾರವಿದೆ. ಕೈ ಕುಸಿಯುವುದಿಲ್ಲವೇಕೆ? ಗಾಳಿ ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಪಕ್ಕದಿಂದಲೂ ಅಷ್ಟೇ ಒತ್ತುತ್ತದೆ. ದೇಹದ ಒಳಗಿನ ದ್ರವ, ಗಾಳಿಗಳೂ ಅಷ್ಟೇ ಬಲದಿಂದ ಹೊರಕ್ಕೆ ಒತ್ತುತ್ತವೆ. ಎಲ್ಲ ಕಡೆಯಿಂದ ಸಮನಾಗಿರುವ ಭಾರ ಭಾರವೆಂದೇ ಗೊತ್ತಾಗುವುದಿಲ್ಲ. ಪಂಕ್ಚರಾದ ಚಕ್ರದ ಒಳಗೂ ಗಾಳಿಯಿದೆ, ಒತ್ತಡವಿದೆ. ಹೊರಗಿನಷ್ಟೇ ಇರುವುದರಿಂದ ಅಂಗಡಿಯ ಮೀಟರು ಸೊನ್ನೆ ತೋರಿಸುತ್ತದೆ. ಬಿ.ಪಿ. ಯಂತ್ರವೂ ಹಾಗೆಯೇ, ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ಹೇಳುತ್ತದೆ.

ಸಾವಿರಾರು ವರ್ಷ ಮನುಷ್ಯನಿಗೆ ಈ ಭಾರ ಗೊತ್ತಾಗಲಿಲ್ಲ. ಇದನ್ನು ಲೋಕ ನಂಬುವಂತೆ ಮಾಡಿದವರಲ್ಲಿ ಬ್ಲೇಸ್ ಪಾಸ್ಕಲರು ಪ್ರಮುಖರು.

ತಾಯಿಯಿಲ್ಲದ ಮನೆ

ಫ್ರಾನ್ಸಿನ ನಡುಭಾಗದಲ್ಲಿ, ಆರಿಹೋದ ಜ್ವಾಲಾಮುಖಿಗಳ ನಾಡಿನಲ್ಲಿ ಕ್ಲೆರ್ಮೋನ್ ಎಂಬ ಊರಿದೆ. 1623ರ ಜೂನ್ 19ರಂದು ಬ್ಲೇಸ್ ಅಲ್ಲಿ ಹುಟ್ಟಿದ. ತಂದೆ ಎತಿಯೆನ್ ತೆರಿಗೆ ನ್ಯಾಯಾಲಯದ ಅಧಿಕಾರಿ. ಹುಡುಗನಿಗೆ ಮೂರು ವರ್ಷವಾದಾಗ ತಾಯಿ ತೀರಿಕೊಂಡರು. ಅಕ್ಕ ಜಿಲ್ಬರ್ಟ್, ತಂಗಿ ಜಾಕ್ಲೀನ್, ನಡುವೆ ಈ ಕಾಯಿಲೆಯ ಹುಡುಗ. ತಂದೆ ಮರುಮದುವೆಯಾಗಲಿಲ್ಲ. 1631ರಲ್ಲಿ ಮಕ್ಕಳನ್ನು ಕರೆದುಕೊಂಡು ಪ್ಯಾರಿಸಿಗೆ ಹೋಗಿ, ಮಗನನ್ನು ಯಾವ ಶಾಲೆಗೂ ಕಳುಹಿಸದೆ ತಾವೇ ಕಲಿಸಿದರು.

ಅವರ ಕ್ರಮ ವಿಚಿತ್ರ. ಮೊದಲು ಭಾಷೆಗಳು, ಗಣಿತ ಮುಟ್ಟಲೇ ಕೂಡದು, ಅದರ ರುಚಿ ಹತ್ತಿದರೆ ಮಿಕ್ಕದ್ದು ಬಿಟ್ಟುಬಿಡುತ್ತಾನೆ ಎಂಬ ಭಯ. ಬೇಡ ಎಂದಿದ್ದರ ಮೇಲೆ ಮಕ್ಕಳಿಗೆ ಆಸೆ ಹೆಚ್ಚು ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಹನ್ನೆರಡು ವರ್ಷದ ಬ್ಲೇಸ್ ಆಟದ ಹೊತ್ತಿನಲ್ಲಿ ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆಯುತ್ತ, ಗೆರೆ, ವೃತ್ತಗಳಿಗೆ ತನ್ನದೇ ಹೆಸರಿಟ್ಟುಕೊಂಡು, ತ್ರಿಕೋನದ ಮೂರು ಕೋನಗಳು ಸೇರಿ ಎರಡು ಲಂಬಕೋನಕ್ಕೆ ಸಮ ಎಂಬಲ್ಲಿಗೆ ತಾನಾಗಿ ತಲುಪಿದ್ದ ಎಂದು ಅಕ್ಕ ಬರೆದಿಟ್ಟಿದ್ದಾಳೆ. ತಂದೆ ಸೋತರು, ಗಣಿತದ ಪುಸ್ತಕ ಕೈಗೆ ಕೊಟ್ಟರು. ಹದಿನಾರನೆಯ ವಯಸ್ಸಿಗೆ ಬ್ಲೇಸ್ ಶಂಕುಚ್ಛೇದಗಳ ಮೇಲೆ ಪುಟ್ಟ ಪ್ರಬಂಧ ಅಚ್ಚು ಹಾಕಿಸಿದ. ಪ್ಯಾರಿಸಿನಲ್ಲಿ ವಿಜ್ಞಾನಿಗಳನ್ನು ಒಟ್ಟುಗೂಡಿಸುತ್ತಿದ್ದ ಮಿನಿಮ್ ಸಭೆಯ ಸಂನ್ಯಾಸಿ ಗುರು ಮೆರ್ಸೆನ್ನರ ಕೂಟದಲ್ಲಿ ಅವನಿಗೂ ಜಾಗ ಸಿಕ್ಕಿತು.

ತಂದೆಗೆ ರುವಾನ್ ನಗರಕ್ಕೆ ತೆರಿಗೆ ಕೆಲಸದ ಮೇಲೆ ವರ್ಗವಾಯಿತು. ರಾತ್ರಿಯೆಲ್ಲ ಕೂಡಿಸು, ಕಳೆ. ತಂದೆಯ ಈ ಪಾಡು ನೋಡಲಾರದೆ ಮಗ 1642ರಿಂದ ಲೆಕ್ಕದ ಯಂತ್ರ ಕಟ್ಟಲು ತೊಡಗಿದ. ಐವತ್ತು ಮಾದರಿಗಳಾದ ಮೇಲೆ ಒಂದು ಮನಸ್ಸಿಗೆ ಒಪ್ಪಿಗೆಯಾಯಿತು. ಹಲ್ಲುಚಕ್ರಗಳು ತಿರುಗಿ ಕೈಯಲ್ಲಿ ಉಳಿದ ಒಂದನ್ನು ತಾವೇ ಮುಂದಿನ ಮನೆಗೆ ಒಯ್ಯುವ ಪೆಟ್ಟಿಗೆ ಅದು. ಬೆಲೆ ಹೆಚ್ಚಾದ್ದರಿಂದ ಹೆಚ್ಚು ಮಾರಾಟವಾಗಲಿಲ್ಲ. ಆದರೂ ಇಂದಿನ ಕ್ಯಾಲ್ಕುಲೇಟರಿನ ಮುತ್ತಜ್ಜ ಎಂದು ಅದನ್ನು ಕರೆಯಬಹುದು.

1646ರ ಚಳಿಗಾಲದಲ್ಲಿ ತಂದೆ ಹಿಮದ ಮೇಲೆ ಜಾರಿ ಬಿದ್ದರು. ಮೂಳೆ ಕಟ್ಟುವ ಇಬ್ಬರು ಸಹೋದರರು ಮೂರು ತಿಂಗಳು ಮನೆಯಲ್ಲೇ ಉಳಿದು ಆರೈಕೆ ಮಾಡಿದರು. ಅವರು ಮೂಳೆಯ ಜೊತೆಗೆ ಭಕ್ತಿಯ ಪುಸ್ತಕಗಳನ್ನೂ ತಂದಿದ್ದರು. ಭಾನುವಾರದ ಪೂಜೆಗೆ ತಪ್ಪದೆ ಹೋಗುವ ಸಂಭಾವಿತ ಕುಟುಂಬವಾಗಿದ್ದ ಪಾಸ್ಕಲರ ಮನೆ ಅಂದಿನಿಂದ ವಿಶ್ವಾಸವನ್ನು ಗಂಭೀರವಾಗಿ ತೆಗೆದುಕೊಂಡಿತು. ಆ ಪುಸ್ತಕಗಳ ಹಿಂದೆ ಜಾನ್ಸೆನ್ ಎಂಬ ಧರ್ಮಾಧ್ಯಕ್ಷರ ಬೋಧನೆಯಿತ್ತು. ಅದರ ಕಥೆ ಮುಂದೆ ಬರುತ್ತದೆ.

ಖಾಲಿ ಜಾಗದ ಜಗಳ

ಅದೇ ವರ್ಷ ಇಟಲಿಯಿಂದ ಒಂದು ಸುದ್ದಿ ರುವಾನಿಗೆ ಬಂತು. ಬಾವಿಯ ಹೀರುಪಂಪು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ನೀರನ್ನು ಎಳೆಯಲಾರದು ಎಂಬುದು ಅಲ್ಲಿನ ಕೆಲಸಗಾರರಿಗೆ ಗೊತ್ತಿತ್ತು. ಏಕೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೆಲಿಲಿಯೋನ ಶಿಷ್ಯ ಟೊರಿಸೆಲ್ಲಿಯವರ ಆಲೋಚನೆಯಂತೆ, ನೀರಿಗಿಂತ ಹದಿಮೂರು ಪಟ್ಟಿಗೂ ಹೆಚ್ಚು ಭಾರವಾದ ಪಾದರಸವನ್ನು ಒಂದು ತುದಿ ಮುಚ್ಚಿದ ಗಾಜಿನ ನಳಿಗೆಯಲ್ಲಿ ತುಂಬಿ, ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ ನೋಡಿದ್ದರು. ಪಾದರಸ ಇಳಿದು ಸುಮಾರು 76 ಸೆಂಟಿಮೀಟರಿಗೆ ನಿಂತಿತು. ಮೇಲೆ ಖಾಲಿ ಜಾಗ ಉಳಿಯಿತು.

ಆ ಖಾಲಿ ಜಾಗವೇ ಜಗಳದ ಮೂಲ. ಪ್ರಕೃತಿಗೆ ಶೂನ್ಯವೆಂದರೆ ಹೆದರಿಕೆ, ಅದು ಎಲ್ಲೂ ಖಾಲಿ ಬಿಡುವುದಿಲ್ಲ ಎಂಬುದು ಅರಿಸ್ಟಾಟಲನ ಕಾಲದಿಂದ ವಿದ್ವಾಂಸರ ನಂಬಿಕೆ. ಗುರುಮಠದ ಹಳೆಯ ತತ್ತ್ವಶಾಸ್ತ್ರದ ಪುಸ್ತಕಗಳಲ್ಲಿ ನಾನೂ ಇದನ್ನು ಓದಿದ್ದೇನೆ. ಎಳನೀರಿಗೆ ಕೊಳವೆ ಹಾಕಿ ಹೀರುವಾಗ ನೀರು ಏಕೆ ಮೇಲೇರುತ್ತದೆ? ನಾವು ಬಾಯಲ್ಲಿ ಮಾಡುವ ಶೂನ್ಯವನ್ನು ತುಂಬಲು ಪ್ರಕೃತಿ ಧಾವಿಸುತ್ತದೆ ಎಂದು ಅಂದಿನವರ ಉತ್ತರ. ಟೊರಿಸೆಲ್ಲಿಯವರ ಉತ್ತರ ಬೇರೆ: ನಾವು ಗಾಳಿಯ ಸಮುದ್ರದ ತಳದಲ್ಲಿದ್ದೇವೆ, ಆ ಗಾಳಿಯ ಭಾರವೇ ಹೊರಗಿನಿಂದ ಒತ್ತಿ ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ನಾವು ಎಳೆಯುವುದಿಲ್ಲ, ಗಾಳಿ ತಳ್ಳುತ್ತದೆ.

ಪಾಸ್ಕಲರಿಗೆ ಆಗ ಇಪ್ಪತ್ತಮೂರು. ರುವಾನಿನಲ್ಲಿ ಒಳ್ಳೆಯ ಗಾಜಿನ ಕಾರ್ಖಾನೆಯಿತ್ತು. 46 ಅಡಿ ಉದ್ದದ ನಳಿಗೆಗಳನ್ನು ಮಾಡಿಸಿ, ಹಡಗಿನ ಕೂವೆಮರಕ್ಕೆ ಕಟ್ಟಿ, ಒಂದರಲ್ಲಿ ನೀರು, ಒಂದರಲ್ಲಿ ಕೆಂಪು ದ್ರಾಕ್ಷಾರಸ ತುಂಬಿ ಜನರ ಎದುರಿಗೇ ನಿಲ್ಲಿಸಿದರು. ಮೇಲಿನ ಜಾಗ ಖಾಲಿಯಲ್ಲ, ದ್ರವದ ಆವಿ ತುಂಬಿದೆ ಎನ್ನುವವರ ಪ್ರಕಾರ ಬೇಗ ಆವಿಯಾಗುವ ದ್ರಾಕ್ಷಾರಸ ನೀರಿಗಿಂತ ಕೆಳಗೆ ನಿಲ್ಲಬೇಕಿತ್ತು. ಅದು ಮೇಲೆ ನಿಂತಿತು, ಏಕೆಂದರೆ ಅದು ನೀರಿಗಿಂತ ಹಗುರ.

ಇಷ್ಟಾದರೂ ವಾದ ನಿಲ್ಲಲಿಲ್ಲ. ಯೇಸುಸಭೆಯ ಗುರು ಎತಿಯೆನ್ ನೊಯೆಲರು, ಗಾಜಿನ ಕಾಣದ ರಂಧ್ರಗಳಿಂದ ನವುರಾದ ಗಾಳಿ ಒಳಗೆ ಬಂದಿರಬೇಕು ಎಂದು ಬರೆದರು. ಪಾಸ್ಕಲರು ವಿನಯದಿಂದಲೇ, ಆದರೆ ಬಗ್ಗದೆ ಉತ್ತರ ಕೊಟ್ಟರು. ಇಲ್ಲಿ ಅವರು ಒಂದು ಗೆರೆ ಎಳೆದರು. ನನ್ನ ಮಟ್ಟಿಗೆ ಅವರ ಬಾಳಿನ ಕೀಲಿಕೈ ಇದೇ. ದೇವರು ತಿಳಿಸಿಕೊಟ್ಟ ವಿಷಯಗಳಲ್ಲಿ ಪವಿತ್ರ ಗ್ರಂಥ ಮತ್ತು ಪಿತೃಗಳ ಮಾತೇ ಪ್ರಮಾಣ. ಅಲ್ಲಿ ಹೊಸದನ್ನು ಹೊಸೆಯಬಾರದು. ಆದರೆ ಪ್ರಕೃತಿಯ ವಿಷಯದಲ್ಲಿ ಎಷ್ಟು ದೊಡ್ಡವರು ಹೇಳಿದ್ದರೂ ಸಾಲದು, ಮಾಡಿ ನೋಡಬೇಕು. ಅವರ ಕಾಲದ ಪಂಡಿತರು ಇದನ್ನು ತಲೆಕೆಳಗು ಮಾಡಿದ್ದಾರೆಂಬುದು ಅವರ ದೂರು.

ಬೆಟ್ಟ ಹತ್ತಿದ ಭಾವ

ಹಾಗಾದರೆ ಮಾಡಿ ನೋಡುವುದು ಹೇಗೆ? ಗಾಳಿಯ ಭಾರವೇ ಕಾರಣವಾದರೆ, ಎತ್ತರಕ್ಕೆ ಹೋದಂತೆ ಮೇಲಿನ ಗಾಳಿ ಕಡಿಮೆಯಾಗಬೇಕು, ಪಾದರಸ ಇಳಿಯಬೇಕು. ಶೂನ್ಯದ ಹೆದರಿಕೆಯೇ ಕಾರಣವಾದರೆ ಬೆಟ್ಟದ ಮೇಲೂ ಬುಡದಲ್ಲೂ ಪಾದರಸ ಒಂದೇ ಮಟ್ಟದಲ್ಲಿರಬೇಕು. ಪ್ರಕೃತಿ ಬುಡದಲ್ಲಿ ಹೆಚ್ಚು ಹೆದರಿ ತುದಿಯಲ್ಲಿ ಧೈರ್ಯ ತಂದುಕೊಳ್ಳುತ್ತದೆಯೇ? (1647ರ ಸೆಪ್ಟೆಂಬರಿನಲ್ಲಿ ಪಾಸ್ಕಲರನ್ನು ನೋಡಲು ಬಂದಿದ್ದ ದೆಕಾರ್ತರು ಈ ಉಪಾಯ ತಮ್ಮದೇ ಎಂದು ಆಮೇಲೆ ಹೇಳಿಕೊಂಡರು. ಇರಲಿ.)

ಪ್ಯಾರಿಸಿನ ಸುತ್ತ ದೊಡ್ಡ ಬೆಟ್ಟವಿಲ್ಲ, ಪಾಸ್ಕಲರಿಗೆ ಹತ್ತುವ ಶಕ್ತಿಯೂ ಇರಲಿಲ್ಲ. ಆದರೆ ಹುಟ್ಟೂರಿನ ಪಕ್ಕದಲ್ಲೇ ಸಮುದ್ರ ಮಟ್ಟದಿಂದ 1,465 ಮೀಟರ್ ಎತ್ತರದ ಪ್ಯುಯಿ ದ ದೋಮ್ ಇತ್ತು, ಊರಿನಲ್ಲಿ ಅಕ್ಕನ ಗಂಡ ಫ್ಲೋರಿನ್ ಪೆರಿಯೆ ಇದ್ದರು. 1647ರ ನವೆಂಬರ್ 15ರಂದು ಭಾವನಿಗೆ ಕಾಗದ ಹೋಯಿತು. ಚಳಿ, ಹಿಮ, ಮಂಜು, ಕಚೇರಿಯ ಕೆಲಸ. ಹತ್ತು ತಿಂಗಳು ಕಳೆಯಿತು. ಇತ್ತ ಪ್ಯಾರಿಸಿನಲ್ಲಿ ಭಾಮೈದ ಕಾಯುತ್ತಿದ್ದರು.

1648ರ ಸೆಪ್ಟೆಂಬರ್ 19, ಶನಿವಾರ. ಬೆಳಿಗ್ಗೆ ಐದರ ಹೊತ್ತಿಗೆ ಮೋಡ ಸರಿದು ಬೆಟ್ಟದ ತುದಿ ಕಂಡಿತು. ಪೆರಿಯೆ ಜೊತೆಗಾರರನ್ನು ಕೂಡಿಸಿದರು. ಅವರಲ್ಲಿ ಮಿನಿಮ್ ಸಭೆಯ ಒಬ್ಬ ಗುರು, ಪ್ರಧಾನಾಲಯದ ಒಬ್ಬ ಗುರು, ನ್ಯಾಯಾಲಯದ ಇಬ್ಬರು, ಒಬ್ಬ ವೈದ್ಯ. ಊರಿನ ಅತ್ಯಂತ ತಗ್ಗಿನ ಜಾಗವಾದ ಮಿನಿಮ್ ಮಠದ ತೋಟದಲ್ಲಿ ಎರಡು ನಳಿಗೆಗಳನ್ನು ತುಂಬಿ ನಿಲ್ಲಿಸಿದರು. ಎರಡರಲ್ಲೂ ಪಾದರಸ ಒಂದೇ ಮಟ್ಟಕ್ಕೆ ನಿಂತಿತು: ಅಂದಿನ ಫ್ರೆಂಚ್ ಅಳತೆಯಲ್ಲಿ 26 ಅಂಗುಲ ಮೂರೂವರೆ ಗೆರೆ, ಅಂದರೆ ನಮ್ಮ ಲೆಕ್ಕಕ್ಕೆ ಸುಮಾರು 71 ಸೆಂಟಿಮೀಟರು. ಒಂದನ್ನು ಅಲ್ಲಿಯೇ ಬಿಟ್ಟು, ಇದನ್ನು ದಿನವಿಡೀ ನೋಡುತ್ತಿರಿ ಎಂದು ಮಠದ ಗುರು ಶಾಸ್ತಾಂ ಅವರನ್ನು ಕೇಳಿಕೊಂಡರು. ಇನ್ನೊಂದನ್ನು ಹೊತ್ತು ಬೆಟ್ಟ ಹತ್ತಿದರು.

ತೋಟದಿಂದ ತುದಿಗೆ ಸುಮಾರು ಸಾವಿರ ಮೀಟರು. ಅಲ್ಲಿ ನಳಿಗೆ ನಿಲ್ಲಿಸಿದಾಗ ಪಾದರಸ 23 ಅಂಗುಲ ಎರಡು ಗೆರೆಗೆ ಇಳಿದಿತ್ತು. ಸುಮಾರು 63 ಸೆಂಟಿಮೀಟರು. ಎಂಟೂವರೆ ಸೆಂಟಿಮೀಟರ್ ವ್ಯತ್ಯಾಸ! ತಮ್ಮ ಕಣ್ಣನ್ನು ತಾವೇ ನಂಬದೆ ಮತ್ತೆ ಮಾಡಿದರು. ಬೆಟ್ಟದ ಮೇಲಿನ ಪುಟ್ಟ ಪ್ರಾರ್ಥನಾಲಯದ ಒಳಗೆ, ಹೊರಗೆ, ಗಾಳಿಗೆ ಮರೆಯಲ್ಲಿ, ಗಾಳಿಗೆ ಎದುರಾಗಿ, ಮಂಜು ಕವಿದಾಗ. ಒಟ್ಟು ಐದು ಸಲ. ಪ್ರತಿಸಲವೂ ಅದೇ ಅಂಕಿ. ಇಳಿಯುವಾಗ ನಡುದಾರಿಯಲ್ಲಿ ನೋಡಿದರೆ 25 ಅಂಗುಲ, ತುದಿಗೂ ಬುಡಕ್ಕೂ ನಡುವಿನದು. ಸಂಜೆ ತೋಟಕ್ಕೆ ಬಂದು ಅದೇ ನಳಿಗೆಯನ್ನು ಮತ್ತೆ ನಿಲ್ಲಿಸಿದರೆ ಬೆಳಗಿನ ಮಟ್ಟವೇ.

ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಹತ್ತುವಾಗಲೋ ಇಳಿಯುವಾಗಲೋ ನಿಮ್ಮ ಕಿವಿ ಕಟ್ಟಿ, ಎಂಜಲು ನುಂಗಿದಾಗ ಟಪ್ಪೆಂದು ಬಿಟ್ಟುಕೊಳ್ಳುತ್ತದಲ್ಲ, ಅದು ಇದೇ. ಕಿವಿಯ ಪೊರೆಯ ಎರಡು ಬದಿಯ ಒತ್ತಡ ಸ್ವಲ್ಪ ಹೊತ್ತು ಬೇರೆಬೇರೆಯಾದಾಗ ಮಾತ್ರ ಗಾಳಿಗೂ ಭಾರವಿದೆಯೆಂದು ದೇಹ ಒಪ್ಪಿಕೊಳ್ಳುತ್ತದೆ.

ಆ ದಿನದ ತಂಡದಲ್ಲಿ ನನಗೆ ತುಂಬಾ ಇಷ್ಟವಾಗುವವರು ಬೆಟ್ಟ ಹತ್ತದೆ ಉಳಿದ ಗುರು ಶಾಸ್ತಾಂ. ಮೇಲಿನವರಿಗೆ ನೋಟವಿತ್ತು, ಸಂಭ್ರಮವಿತ್ತು. ಇವರಿಗೆ ತೋಟದಲ್ಲಿ ಒಂದು ಗಾಜಿನ ನಳಿಗೆ, ಅದರಲ್ಲಿ ಅಲ್ಲಾಡದ ಪಾದರಸ. ಅವರು ಕೂತು ನೋಡದಿದ್ದರೆ ಪ್ರಯೋಗಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಅಂದಿನ ಹವೆ ಬದಲಾಗಿ ಎಲ್ಲ ಕಡೆಯೂ ಪಾದರಸ ಇಳಿದಿತ್ತೇನೋ ಎಂದು ಯಾರಾದರೂ ಹೇಳಬಹುದಿತ್ತು. ಮಾರನೆಯ ದಿನ ಇನ್ನೊಬ್ಬ ಗುರುಗಳ ಸಲಹೆಯಂತೆ ಕ್ಲೆರ್ಮೋನಿನ ಪ್ರಧಾನಾಲಯದ ಗೋಪುರದ ಮೇಲೂ ನೋಡಿದರು. ಅಷ್ಟು ಕಡಿಮೆ ಎತ್ತರದಲ್ಲೂ ಎರಡು ಗೆರೆಯಷ್ಟು ವ್ಯತ್ಯಾಸ ಕಂಡಿತು. ಸುದ್ದಿ ತಲುಪಿದ ಮೇಲೆ ಪಾಸ್ಕಲರು ಪ್ಯಾರಿಸಿನ ಸಂತ ಯಾಕೋಬರ ದೇವಾಲಯದ ಗೋಪುರದಲ್ಲಿ ಅದನ್ನೇ ಮಾಡಿ ನೋಡಿದರು. ಆ ದೇವಾಲಯ ಈಗಿಲ್ಲ, ಗೋಪುರ ಉಳಿದಿದೆ. ಅದರ ಬುಡದಲ್ಲಿ ಪಾಸ್ಕಲರ ಪ್ರತಿಮೆಯಿದೆ.

ಮುಂದಿನ ವರ್ಷಗಳಲ್ಲಿ ಅವರು ದ್ರವಗಳ ಸಮತೋಲ ಮತ್ತು ಗಾಳಿಯ ಭಾರದ ಬಗ್ಗೆ ಎರಡು ಪ್ರಬಂಧ ಬರೆದರು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಕುಂದದೆ ಎಲ್ಲ ಕಡೆಗೂ ಹರಡುತ್ತದೆ ಎಂಬ ನಿಯಮ ಅಲ್ಲಿದೆ. ಪಾತ್ರೆಗೆ ಎರಡು ಬಾಯಿಗಳಿದ್ದು ಒಂದು ಇನ್ನೊಂದರ ನೂರರಷ್ಟು ಅಗಲವಾಗಿದ್ದರೆ, ಕಿರಿದಾದ ಕಡೆ ಒಬ್ಬ ಒತ್ತುವುದು ಅಗಲದ ಕಡೆ ನೂರು ಜನ ಒತ್ತುವುದಕ್ಕೆ ಸಮ. ಪುಕ್ಕಟೆ ಲಾಭವೇನಿಲ್ಲ, ಈ ಕಡೆ ನೂರು ಅಂಗುಲ ಸರಿದರೆ ಆ ಕಡೆ ಸರಿಯುವುದು ಒಂದೇ ಅಂಗುಲ ಎಂಬುದನ್ನೂ ಅವರು ಗಮನಿಸಿದ್ದರು. ನೀವು ಕಾಲಬೆರಳಿನಿಂದ ಕಾರಿನ ಬ್ರೇಕ್ ಒತ್ತಿದಾಗ, ಸರ್ವಿಸ್ ಸ್ಟೇಷನ್ನಿನಲ್ಲಿ ಇಡೀ ಕಾರು ಮೇಲೇಳುವಾಗ ನಡೆಯುವುದು ಇದೇ. ಭೂಮಿಯ ಇಡೀ ವಾಯುಮಂಡಲದ ತೂಕವನ್ನೂ ಅವರು ಲೆಕ್ಕ ಹಾಕಿದರು. ಎಂಟರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟು ಪೌಂಡುಗಳಿಗೂ ಮಿಗಿಲು. ಇಂದಿನ ವಿಜ್ಞಾನಿಗಳ ಲೆಕ್ಕದ ಸುಮಾರು ಐದರಲ್ಲಿ ನಾಲ್ಕು ಪಾಲು ಅದು! ಒಂದು ಗಾಜಿನ ನಳಿಗೆಯಿಂದ ಇಷ್ಟು ಹತ್ತಿರ ಬಂದಿದ್ದರು.

ಮನೆಯೊಳಗಿನ ಭಾರ

ಇಷ್ಟು ದೊಡ್ಡ ತಲೆ, ಆದರೆ ಮನೆಯ ವಿಷಯದಲ್ಲಿ? 1651ರಲ್ಲಿ ತಂದೆ ತೀರಿಕೊಂಡರು. ತಂಗಿ ಜಾಕ್ಲೀನಳಿಗೆ ಪೋರ್ಟ್ ರಾಯಲ್ ಮಠದಲ್ಲಿ ಕನ್ಯಾಸ್ತ್ರೀ ಆಗಬೇಕೆಂದು ಬಹುದಿನಗಳ ಹಂಬಲ. ತಂದೆ ಇರುವವರೆಗೆ ತಡೆದಿದ್ದಳು. ಈಗ ಅಣ್ಣನೇ ತಡೆದ. ರೋಗಿಯಾದ ತನ್ನನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ ಒಂದು. ಅವಳ ಪಾಲಿನ ಆಸ್ತಿ ಮಠಕ್ಕೆ ಹೋಗುತ್ತದೆಂಬ ಲೆಕ್ಕ ಇನ್ನೊಂದು. 1652ರ ಜನವರಿಯಲ್ಲಿ ಅವಳು ಹೊರಟೇಹೋದಳು. ಅಣ್ಣನೂ ಅಕ್ಕನೂ ಹಣ ಕೊಡಲಾಗದೆಂದು ಕಾಗದ ಬರೆದರು. ಜಾಕ್ಲೀನ್ ಅತ್ತಳು. ಮಠದ ಮೇಲಧಿಕಾರಿ ತಾಯಿಯವರು ಒಂದು ಕಾಸೂ ಬೇಡ, ಬರಿಗೈಯಲ್ಲೇ ಸೇರಿಸಿಕೊಳ್ಳುತ್ತೇವೆ ಎಂದುಬಿಟ್ಟರು. ಆಗ ಪಾಸ್ಕಲರಿಗೆ ನಾಚಿಕೆಯಾಯಿತು. ಅವಳ ಪಾಲನ್ನು ಕೊಟ್ಟರು. ಪಾಲು ಪಟ್ಟಿಯ ಜಗಳ ಬಿಡಿಸಲು ಎಷ್ಟೋ ಮನೆಗಳ ಜಗಲಿಯಲ್ಲಿ ಕುಳಿತಿರುವ ನನಗೆ, ಈ ಮಹಾಮೇಧಾವಿಯೂ ಅದೇ ಜಗಲಿಯಲ್ಲಿ ಕುಳಿತಿದ್ದರು ಎಂದು ತಿಳಿದಾಗ ಏನೋ ಒಂದು ಸಮಾಧಾನ.

ಆಮೇಲೆ ಒಂಟಿತನ. ಸಿರಿವಂತ ಸ್ನೇಹಿತರು, ಜೂಜಾಟದ ಲೆಕ್ಕಗಳು. ಅದರಿಂದಲೂ 1654ರಲ್ಲಿ ಫೆರ್ಮಾ ಎಂಬ ಗಣಿತಜ್ಞರೊಡನೆ ಪತ್ರ ವ್ಯವಹಾರವಾಗಿ ಸಂಭವನೀಯತೆಯ ಗಣಿತ ಹುಟ್ಟಿತು. ಮನಸ್ಸಿಗೆ ಮಾತ್ರ ಏನೂ ಹಿಡಿಸದು. ಅದೇ ವರ್ಷ ನವೆಂಬರ್ 23ರ ರಾತ್ರಿ, ಸಂತ ಕ್ಲೆಮೆಂಟರ ಹಬ್ಬದ ದಿನ, ಸುಮಾರು ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಪಾಸ್ಕಲರಿಗೆ ದೇವರ ಸಾನ್ನಿಧ್ಯದ ಅನುಭವವಾಯಿತು. ಬೆಂಕಿಯಂತೆ ಬಂತೆಂದು ಅವರು ಗುರುತು ಹಾಕಿಕೊಂಡರು. ವಾದದಿಂದ ಕಟ್ಟಿದ ದೇವರಲ್ಲ, ಪಿತಾಮಹರ ಜೊತೆ ಮಾತನಾಡಿದ, ಯೇಸುಕ್ರಿಸ್ತರಲ್ಲಿ ಕಾಣಿಸಿಕೊಂಡ ದೇವರು. ಆ ಎರಡು ಗಂಟೆಯ ವಿಷಯವನ್ನು ಯಾರಿಗೂ ಹೇಳಲಿಲ್ಲ.

ಆಗಲೇ ಪೋರ್ಟ್ ರಾಯಲಿನ ಸುತ್ತ ಬಿರುಗಾಳಿ ಎದ್ದಿತ್ತು. ವರಪ್ರಸಾದ ಮತ್ತು ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಜಾನ್ಸೆನರ ಗ್ರಂಥದ ಐದು ಮಾತುಗಳನ್ನು 1653ರಲ್ಲಿ ಹತ್ತನೆಯ ಇನ್ನೊಸೆಂಟ್ ಜಗದ್ಗುರುಗಳು ಖಂಡಿಸಿದ್ದರು. ಮಠದ ಸ್ನೇಹಿತರ ಪರವಾಗಿ ಪಾಸ್ಕಲರು 1656 ಮತ್ತು 1657ರಲ್ಲಿ ಸುಳ್ಳು ಹೆಸರಿನಲ್ಲಿ ಹದಿನೆಂಟು ಪತ್ರಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿದರು. ಪಾಪಕ್ಕೆ ಸುಲಭವಾಗಿ ನೆಪ ಹುಡುಕಿಕೊಡುತ್ತಾರೆಂದು ಯೇಸುಸಭೆಯ ನೀತಿಶಾಸ್ತ್ರಿಗಳನ್ನು ಗೇಲಿ ಮಾಡಿದ ಆ ಪತ್ರಗಳನ್ನು ಪ್ಯಾರಿಸ್ ನಕ್ಕು ನಕ್ಕು ಓದಿತು. ರೋಮ್ ಅವನ್ನು ನಿಷಿದ್ಧ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಮುಚ್ಚಿಡದೆ ಹೇಳುತ್ತೇನೆ: ಅವರು ಎಲ್ಲ ಕಡೆಯೂ ನ್ಯಾಯವಾಗಿ ಬರೆಯಲಿಲ್ಲ. ಕೆಟ್ಟ ಉದಾಹರಣೆಗಳನ್ನು ಆರಿಸಿ ಇಡೀ ಸಭೆಯ ಮುಖಕ್ಕೆ ಹಚ್ಚಿದರು. ಭೌತಶಾಸ್ತ್ರದಲ್ಲಿ ಐದು ಸಲ ಅಳೆದು ನೋಡಿದವರು ಇಲ್ಲಿ ಅಷ್ಟು ಸಾವಧಾನ ತೋರಲಿಲ್ಲ. ಆದರೆ ಅವರು ಬೆರಳಿಟ್ಟ ಸಡಿಲ ಬೋಧನೆಗಳು ಇದ್ದದ್ದೂ ನಿಜ. 1679ರಲ್ಲಿ ಹನ್ನೊಂದನೆಯ ಇನ್ನೊಸೆಂಟ್ ಜಗದ್ಗುರುಗಳು ಅಂಥ 65 ಮಾತುಗಳನ್ನು ಖಂಡಿಸಿದರು. 2023ರ ಜೂನ್ 19ರಂದು ಪಾಸ್ಕಲರ ನಾನೂರನೆಯ ಜನ್ಮದಿನಕ್ಕೆ ಗೌರವದ ಪ್ರೇಷಿತ ಪತ್ರ ಬರೆದವರು ಫ್ರಾನ್ಸಿಸ್ ಜಗದ್ಗುರುಗಳು. ಅವರೇ ಯೇಸುಸಭೆಯಿಂದ ಬಂದ ಮೊದಲ ಜಗದ್ಗುರು!

ಕೊನೆಯ ದಿನಗಳು

1661ರಲ್ಲಿ ಜಾಕ್ಲೀನ್ ತೀರಿಕೊಂಡಳು. ಆಮೇಲೆ ಪಾಸ್ಕಲರು ಜಗಳಗಳಿಂದ ಹಿಂದೆ ಸರಿದರು. ವಿಶ್ವಾಸದ ಪರವಾಗಿ ದೊಡ್ಡ ಗ್ರಂಥ ಬರೆಯಬೇಕೆಂದು ನೂರಾರು ಚೀಟಿಗಳಲ್ಲಿ ಗುರುತು ಹಾಕಿಟ್ಟಿದ್ದರು. ಅದು ಮುಗಿಯಲಿಲ್ಲ, ಚೀಟಿಗಳೇ 1670ರಲ್ಲಿ ಪುಸ್ತಕವಾದವು. ಬರೆಯಲು ಕೂರಲಾಗದಷ್ಟು ನಿಶ್ಶಕ್ತಿ. ಆದರೂ ತಲೆ ಸುಮ್ಮನಿರದು. 1662ರ ಮಾರ್ಚ್ 18ರಿಂದ ಪ್ಯಾರಿಸಿನ ಬೀದಿಗಳಲ್ಲಿ ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ, ತಲೆಗೆ ಐದು ಸೋಲ್ ಕೊಟ್ಟರೆ ಕೂರಬಹುದಾದ ಕುದುರೆ ಬಂಡಿಗಳು ಓಡತೊಡಗಿದವು. ನಾವು ಇಂದು ಸಿಟಿ ಬಸ್ ಎನ್ನುವುದರ ಮೊದಲ ರೂಪ ಇದು. ಅದನ್ನು ಯೋಚಿಸಿದವರಲ್ಲಿ ಪಾಸ್ಕಲರೂ ಒಬ್ಬರು. ಅದರಲ್ಲಿ ತಮಗೆ ಬರಬಹುದಾದ ಹಣವನ್ನು ಮುಂಗಡವಾಗಿ ಪಡೆದು ಬ್ಲುವಾ ಪ್ರಾಂತದ ಹಸಿದವರಿಗೆ ಕಳುಹಿಸಲು ಹವಣಿಸಿದರು.

ಮನೆಯಲ್ಲಿ ಒಂದು ಬಡ ಕುಟುಂಬಕ್ಕೆ ಆಸರೆ ಕೊಟ್ಟಿದ್ದರು. ಜೂನಿನಲ್ಲಿ ಆ ಕುಟುಂಬದ ಮಗುವಿಗೆ ಸಿಡುಬು ಎದ್ದಿತು. ಅಕ್ಕ ಜಿಲ್ಬರ್ಟ್ ತಮ್ಮನ ಆರೈಕೆಗೆ ದಿನವೂ ಬರುತ್ತಿದ್ದಳು. ಸೋಂಕು ಅವಳ ಮಕ್ಕಳಿಗೆ ತಗಲೀತೆಂಬ ಭಯ. ಮಗುವನ್ನು ಬೇರೆಡೆಗೆ ಸಾಗಿಸೋಣವೆಂದು ಎಲ್ಲರೂ ಹೇಳಿದರು. ಪಾಸ್ಕಲರು ಒಪ್ಪಲಿಲ್ಲ. ಆ ಸ್ಥಿತಿಯಲ್ಲಿ ಮಗುವನ್ನು ಎಬ್ಬಿಸುವುದು ಅಪಾಯ ಎಂದು, ಸಾಯುವಷ್ಟು ಕಾಯಿಲೆಯಿದ್ದ ತಾವೇ ಎದ್ದು ಅಕ್ಕನ ಮನೆಗೆ ಹೋದರು. ತಮ್ಮ ಸ್ವಂತ ಮನೆಗೆ ಮತ್ತೆ ಹಿಂತಿರುಗಲಿಲ್ಲ.

ಪರಮಪ್ರಸಾದ ಬೇಕೆಂದು ಬೇಡಿದರು. ಅಪಾಯವಿಲ್ಲ ಎಂದು ವೈದ್ಯರು ಮುಂದೂಡುತ್ತ ಬಂದರು. ಹಾಗಾದರೆ ಒಬ್ಬ ಬಡ ರೋಗಿಯನ್ನಾದರೂ ತನ್ನ ಪಕ್ಕದ ಕೋಣೆಗೆ ತಂದು, ತನಗೆ ಮಾಡುವ ಉಪಚಾರವನ್ನೆಲ್ಲ ಅವನಿಗೂ ಮಾಡಿ ಎಂದು ಕೇಳಿದರು. ಸಾಗಿಸಬಲ್ಲ ರೋಗಿ ಸಿಗಲಿಲ್ಲ. ಹಾಗಾದರೆ ಗುಣವಾಗದ ರೋಗಿಗಳ ಆಸ್ಪತ್ರೆಗೆ ತನ್ನನ್ನೇ ಒಯ್ಯಿರಿ, ಬಡವರ ನಡುವೆ ಸಾಯುತ್ತೇನೆ ಎಂದರು. ವೈದ್ಯರು ಬಿಡಲಿಲ್ಲ. ಕೊನೆಗೆ ಸಂತ ಸ್ತೇಫನರ ಧರ್ಮಕೇಂದ್ರದ ಗುರು ಬೊರಿಯೆಯವರು ನಡುರಾತ್ರಿ ಪರಮಪ್ರಸಾದ ತಂದರು. ಏಳಲಾರದ ದೇಹವನ್ನು ಪಾಸ್ಕಲರು ಅರ್ಧ ಎತ್ತಿ ಸ್ವೀಕರಿಸಿದರು. 1662ರ ಆಗಸ್ಟ್ 19ರಂದು ಪ್ರಾಣ ಹೋಯಿತು. ಆ ಗುರುಗಳ ದೇವಾಲಯದಲ್ಲೇ ಸಮಾಧಿಯಾಯಿತು.

ಕೆಲವು ದಿನಗಳ ಮೇಲೆ ಸೇವಕನೊಬ್ಬ ಅವರ ಕೋಟನ್ನು ತೆಗೆದಿಡುವಾಗ ಒಳಪದರದಲ್ಲಿ ಏನೋ ದಪ್ಪಗೆ ಕೈಗೆ ಸಿಕ್ಕಿತು. ಹೊಲಿಗೆ ಬಿಚ್ಚಿದರೆ ಮಡಿಚಿದ ಚರ್ಮದ ಹಾಳೆ, ಅದರೊಳಗೆ ಒಂದು ಕಾಗದ. 1654ರ ಆ ರಾತ್ರಿಯ ಬರಹ. ಎಂಟು ವರ್ಷ, ಕೋಟು ಬದಲಾದಾಗಲೆಲ್ಲ ಹೊಲಿಗೆ ಬಿಚ್ಚಿ ಹೊಸ ಕೋಟಿಗೆ ಹೊಲಿದುಕೊಂಡು ಎದೆಯ ಹತ್ತಿರ ಹೊತ್ತು ತಿರುಗಿದ್ದರು; ಮನೆಯವರಿಗೂ ಗೊತ್ತಿರಲಿಲ್ಲ.

ಮರುವರ್ಷ, 1663ರಲ್ಲಿ, ಭಾವ ಪೆರಿಯೆ ಒತ್ತಡದ ಎರಡು ಪ್ರಬಂಧಗಳನ್ನು ಅಚ್ಚು ಹಾಕಿಸಿದರು. ಅದರ ಜೊತೆಗೆ ತಮ್ಮ ಬೆಟ್ಟದ ವರದಿಯನ್ನೂ ಸೇರಿಸಿದರು. ತುದಿಯ 23 ಅಂಗುಲ ಎರಡು ಗೆರೆ ಅದರಲ್ಲಿದೆ. ದಿನವಿಡೀ ಕಾದು ನೋಡಿದ ಗುರು ಶಾಸ್ತಾಂ, ತೋಟದ ನಳಿಗೆಯ ಪಾದರಸ ಒಂದಿಷ್ಟೂ ಅಲುಗಲಿಲ್ಲವೆಂದು ಸಂಜೆ ಹೇಳಿದ್ದೂ ಅದರಲ್ಲಿದೆ.